ಹಸಿ ಕಸ ಓಣಿ ದಾಟದಿದ್ದರೆ

ಬಳ್ಳಾರಿಯಲ್ಲಿ ಕಸ ವಿಂಗಡಣೆಯ ಮಾತು ತೆಗೆದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ‘ನಾವು ಮನೆಯಲ್ಲಿ ಎರಡು ಬುಟ್ಟಿ ಇಟ್ಟು ಬೇರೆ ಬೇರೆ ಮಾಡಿ ಕೊಟ್ಟರೂ ಮುಂದೆ ಎಲ್ಲೋ ಎಲ್ಲವನ್ನೂ ಒಂದೇ ಕಡೆ ಸುರಿಯುತ್ತಾರೆ, ಮತ್ತೇಕೆ ಈ ಕಷ್ಟ?’ ಇದನ್ನು ಸೋಮಾರಿತನದ ನೆಪವೆಂದು ತಳ್ಳಿಹಾಕಬಾರದು. ಕಣ್ಣಾರೆ ಕಂಡದ್ದನ್ನು ನೆನಪಿಟ್ಟುಕೊಂಡು ಕೇಳುವ ನ್ಯಾಯವಾದ ಪ್ರಶ್ನೆ ಇದು. ಇದಕ್ಕೆ ಉತ್ತರವೂ ಇದೆ. ಆದರೆ ಆ ಉತ್ತರ ಮನವರಿಕೆಯಾಗಬೇಕಾದರೆ ಮನೆಯಿಂದ ಹೊರಬಿದ್ದ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾವುದು ಮತ್ತೆ ಬಳಕೆಗೆ ಬರುತ್ತದೆ, ಯಾವುದು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ ಎಂಬುದನ್ನು ಸಾವಧಾನವಾಗಿ ನೋಡಬೇಕಾಗುತ್ತದೆ.

ನಮ್ಮ ಊರುಗಳ ಮನೆಗಳಿಂದ ಹೊರಬೀಳುವ ಕಸದಲ್ಲಿ, ತೂಕದ ಲೆಕ್ಕ ಹಿಡಿದರೆ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ಹಸಿ ಕಸವೇ ಆಗಿರುತ್ತದೆ. ತರಕಾರಿ ಸಿಪ್ಪೆ, ಸೋಸಿದ ಚಹಾಪುಡಿ, ಉಳಿದ ಅನ್ನ ಸಾರು, ಬಾಳೆಹಣ್ಣಿನ ಸಿಪ್ಪೆ, ದೇವರ ಮೇಲಿಂದ ತೆಗೆದ ಬಾಡಿದ ಹೂವು ಇವುಗಳಲ್ಲೆಲ್ಲ ಇರುವುದು ಬಹುಪಾಲು ನೀರು. ಈ ನೀರು ಇತರ ವಸ್ತುಗಳ ಮೇಲೆ ಹರಿದಾಗ ಅವುಗಳ ಬೆಲೆಯನ್ನೂ ಉಪಯೋಗವನ್ನೂ ಒಟ್ಟಿಗೆ ಕೆಡಿಸುತ್ತದೆ. ಬೆಳಗ್ಗೆ ಉಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಬಂದ ದಿನಪತ್ರಿಕೆಯ ಹಾಳೆಯನ್ನೇ ನೋಡಿ. ಕಾಗದದ ಕಾರ್ಖಾನೆಯಲ್ಲಿ ರದ್ದಿಯನ್ನು ನೀರಿನಲ್ಲಿ ಕಲಸಿ, ಅರೆದು, ನಾರು ಬಿಡಿಸಿ, ಮತ್ತೆ ಹಾಳೆಯಾಗಿ ಹಾಸುತ್ತಾರೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ನಾರಿಗೆ ಅಂಟಿಕೊಂಡೇ ಉಳಿದು ಹೊಸ ಹಾಳೆಯಲ್ಲಿ ಕಲೆಯಾಗುತ್ತದೆ. ಹೀಗಾಗಿ ಒಣಗಿದ, ಶುದ್ಧವಾದ ದಿನಪತ್ರಿಕೆಗೆ ರದ್ದಿ ಅಂಗಡಿಯಲ್ಲಿ ಬೆಲೆಯಿದ್ದರೆ ಮಿರ್ಚಿಯ ಎಣ್ಣೆ ಹೀರಿದ ಅದೇ ಹಾಳೆಗೆ ಯಾವ ಬೆಲೆಯೂ ಇಲ್ಲ. (ಮುದ್ರಣದ ಶಾಯಿ ಆಹಾರಕ್ಕೆ ಇಳಿಯುವುದರಿಂದ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಲೇಬಾರದೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ ಹಲವು ಸಲ ಹೇಳಿದೆ, ಆ ಎಚ್ಚರಿಕೆ ನಮ್ಮ ತಿಂಡಿ ಗಾಡಿಗಳವರೆಗೆ ಇನ್ನೂ ಸರಿಯಾಗಿ ತಲುಪಿಲ್ಲ.)

ಬೆಲೆಯ ಮಾತು ಬಂದಿದ್ದರಿಂದ ಗುಜರಿ ಅಂಗಡಿಯ ಲೆಕ್ಕವನ್ನು ತಿಳಿಯುವುದು ಅಗತ್ಯ, ಏಕೆಂದರೆ ಮರುಬಳಕೆ ಎನ್ನುವುದು ಎಲ್ಲಕ್ಕಿಂತ ಮೊದಲು ಒಂದು ವ್ಯಾಪಾರ. ಒಂದು ವಸ್ತು ಎಷ್ಟು ದೂರ ಸಾಗುತ್ತದೆ ಎಂಬುದು ಅದರ ಬೆಲೆ ಎಷ್ಟು ದೂರದ ಬಾಡಿಗೆಯನ್ನು ಭರಿಸಬಲ್ಲದು ಎಂಬುದರ ಮೇಲೆ ನಿಂತಿದೆ. ಬಳ್ಳಾರಿ ಸೀಮೆಯಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳು ಹತ್ತಿರದಲ್ಲೇ ಇರುವುದರಿಂದ, ಅಯಸ್ಕಾಂತ ತೋರಿಸಿದರೆ ಸಾಕು ಗುರುತು ಸಿಗುವುದರಿಂದ, ತುಕ್ಕು ಹಿಡಿದರೂ ಕರಗಿಸಲು ಅಡ್ಡಿಯಿಲ್ಲದ್ದರಿಂದ ಹಳೆಯ ಕಬ್ಬಿಣ ರಸ್ತೆಯಲ್ಲಿ ಒಂದು ದಿನವೂ ಬಿದ್ದಿರುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯೂ ಹಾಗೆಯೇ. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತಯಾರಿಸಲು ಬೇಕಾಗುವ ವಿದ್ಯುತ್ತು ಮತ್ತು ಶಾಖದಲ್ಲಿ ಸುಮಾರು ಶೇ 95ರಷ್ಟು ಹಳೆಯದನ್ನು ಕರಗಿಸಿದರೆ ಉಳಿಯುವುದರಿಂದ ಅದಕ್ಕೆ ಎಲ್ಲ ಕಾಲಕ್ಕೂ ಗಿರಾಕಿ ಇದ್ದಾರೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ಲೆಕ್ಕ ಸೂಕ್ಷ್ಮವಾಗುತ್ತದೆ. ಅದು ಹಗುರ, ಜಾಗ ಹೆಚ್ಚು ಹಿಡಿಯುತ್ತದೆ, ಹತ್ತಾರು ಬಗೆಯಲ್ಲಿ ಬರುತ್ತದೆ, ಮತ್ತು ಕರಗಿಸುವಾಗ ಒಂದು ಬಗೆಯೊಳಗೆ ಇನ್ನೊಂದು ಬೆರೆತರೆ ಎರಡೂ ಕೆಡುತ್ತವೆ.

ಹಾಲಿನ ಪಾಕೀಟನ್ನು ಕೈಗೆತ್ತಿಕೊಳ್ಳೋಣ. ಅರ್ಧ ಲೀಟರಿನ ಖಾಲಿ ಪಾಕೀಟಿನ ತೂಕ ಸುಮಾರು 3 ಗ್ರಾಂ. ಒಂದೇ ಬಗೆಯ ಪಾಲಿಥಿನ್‌ನಿಂದ ತಯಾರಾದ, ಮೆತ್ತಗಿನ, ಗಟ್ಟಿಮುಟ್ಟಾದ ಹಾಳೆ ಅದು. ಕರಗಿಸಿ ಕಾಳು ಮಾಡಿ ಕೊಳವೆ, ಹಾಳೆ, ಚೀಲಗಳನ್ನು ತಯಾರಿಸಲು ಬಹಳ ಅನುಕೂಲ. ಆದರೆ ಒಂದು ಕಿಲೋ ಆಗಬೇಕಾದರೆ ಸುಮಾರು 330 ಪಾಕೀಟು ಬೇಕು. ದಿನಕ್ಕೆ ಎರಡು ಪಾಕೀಟು ಹಾಲು ಕೊಳ್ಳುವ ಮನೆಯಲ್ಲಿ ಒಂದು ಕಿಲೋ ಕೂಡಿಬರಲು ಐದೂವರೆ ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಯಾರು ಕೂಡಿಡುತ್ತಾರೆ? ಅದೇ 50 ಮನೆಗಳ ಒಂದು ಓಣಿ ಸೇರಿ ಒಂದೇ ಚೀಲಕ್ಕೆ ಹಾಕಿದರೆ ಮೂರೂವರೆ ದಿನ ಕಳೆಯುವಷ್ಟರಲ್ಲಿ ಒಂದು ಕಿಲೋ ತುಂಬುತ್ತದೆ, ತಿಂಗಳಿಗೆ ಒಂಬತ್ತು ಕಿಲೋ ಆಗುತ್ತದೆ. ಗುಜರಿಯವರು ಸೈಕಲ್ ಹೊರಳಿಸಿಕೊಂಡು ಬರಲು ಯೋಗ್ಯವಾದ ತೂಕ ಅದು. ಮರುಬಳಕೆಗೆ ಮನೆ ತೀರ ಚಿಕ್ಕದು, ಇಡೀ ನಗರ ತೀರ ದೊಡ್ಡದು, ಓಣಿಯೇ ಸರಿಯಾದ ಅಳತೆ ಎಂದು ನಾನು ನಂಬಿರುವುದಕ್ಕೆ ಈ ಸರಳ ಲೆಕ್ಕವೇ ಕಾರಣ.

ಪಾಕೀಟಿನ ವಿಷಯದಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಬೀಳಿಸದೆ, ತುಂಡು ಪಾಕೀಟಿಗೇ ತೂಗಿಕೊಂಡಿರುವಂತೆ ಸೀಳಬೇಕು. ಆ ಬೆರಳ ತುದಿಯಷ್ಟು ಚೂರನ್ನು ಯಾವ ಕೈಯೂ ಆಯ್ದುಕೊಳ್ಳಲಾರದು, ಯಾವ ಜರಡಿಯೂ ಹಿಡಿಯಲಾರದು. ಅದು ಚರಂಡಿಗೆ ಹೋಗುತ್ತದೆ, ಇಲ್ಲವೇ ಗೊಬ್ಬರದಲ್ಲಿ ಸೇರಿ ಹೊಲಕ್ಕೆ ಹೋಗುತ್ತದೆ. ಸೀಳಿದ ಪಾಕೀಟನ್ನು ತೊಳೆಯಲು ಹೊಸ ನೀರು ಬೇಕಿಲ್ಲ. ನಲ್ಲಿ ನೀರು ಪ್ರತಿದಿನ ಬಾರದ ಊರಿನಲ್ಲಿ ಕಸ ತೊಳೆಯಲು ನೀರು ಖರ್ಚು ಮಾಡಿರೆಂದು ಹೇಳುವುದು ತಪ್ಪು. ಪಾತ್ರೆ ತಿಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಅದ್ದಿ ಜಾಡಿಸಿದರೆ ಸಾಕಾಗುತ್ತದೆ. ಬಟ್ಟೆಯ ತಂತಿಗೆ ಸಿಕ್ಕಿಸಿದರೆ ಬಳ್ಳಾರಿಯ ಬಿಸಿಲು ಅದನ್ನು ಹತ್ತೇ ನಿಮಿಷದಲ್ಲಿ ಒಣಗಿಸುತ್ತದೆ. ಹಾಗೆ ಮಾಡದಿದ್ದರೆ ಅದೇ ಬಿಸಿಲು ಒಳಗೆ ಉಳಿದ ಹಾಲನ್ನು ಗಂಟೆಯೊಳಗೆ ಹುಳಿಸಿ, ನೊಣ ಕೂಡಿಸಿ, ಕೂಡಿಡುವ ಉಪಾಯವನ್ನೇ ಕೆಡಿಸುತ್ತದೆ.

ನೀರಿನ ಬಾಟಲಿಯ ಕಥೆ ಸ್ವಲ್ಪ ಬೇರೆ. ಬಾಟಲಿಯ ಮೈ ಪೆಟ್ ಎಂಬ ಪ್ಲಾಸ್ಟಿಕ್ಕಿನದು, ಮುಚ್ಚಳ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್ ಜಾತಿಯದು. ಮರುಬಳಕೆ ಘಟಕದಲ್ಲಿ ಇವೆರಡನ್ನೂ ಬೇರ್ಪಡಿಸುವ ಉಪಾಯ ನಮ್ಮ ಅಜ್ಜಿಯರು ಜೊಳ್ಳು ಕಾಳನ್ನು ನೀರಿನಲ್ಲಿ ತೇಲಿಸಿ ತೆಗೆಯುತ್ತಿದ್ದ ಉಪಾಯವೇ ಆಗಿದೆ. ಬಾಟಲಿಗಳನ್ನು ಚೂರು ಮಾಡಿ ನೀರಿನ ತೊಟ್ಟಿಗೆ ಹಾಕಿದಾಗ ನೀರಿಗಿಂತ ಭಾರವಾದ ಪೆಟ್ ಚೂರುಗಳು ತಳ ಸೇರುತ್ತವೆ, ನೀರಿಗಿಂತ ಹಗುರವಾದ ಮುಚ್ಚಳದ ಚೂರುಗಳು ಮೇಲೆ ತೇಲುತ್ತವೆ. ತೊಡಕಾಗುವುದು ಕೆಲವು ಬಾಟಲಿಗಳಿಗೆ ಸುತ್ತಿದ, ಪಿವಿಸಿ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಹಾಳೆಯಿಂದ. ಪಿವಿಸಿಯ ಭಾರ ಪೆಟ್‌ನ ಭಾರಕ್ಕೆ ಬಹಳ ಹತ್ತಿರವಾಗಿರುವುದರಿಂದ ಎರಡೂ ಒಟ್ಟಿಗೆ ಮುಳುಗುತ್ತವೆ. ಪೆಟ್ ಕರಗಿಸುವ ಶಾಖದಲ್ಲಿ ಪಿವಿಸಿ ಸುಟ್ಟು ಆಮ್ಲದ ಹೊಗೆ ಬಿಡುತ್ತದೆ, ಇಡೀ ಪಾಕ ಹಳದಿಗಟ್ಟುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಹಾಳೆಯನ್ನು ಮನೆಯಲ್ಲೇ ಹರಿದು ತೆಗೆಯುವುದಕ್ಕೆ ಅರ್ಥವಿದೆ. ಒಂದು ಲೀಟರಿನ ಬಾಟಲಿ ಸುಮಾರು 25ರಿಂದ 30 ಗ್ರಾಂ ತೂಗುವುದರಿಂದ ಕಿಲೋ ಒಂದಕ್ಕೆ ಮೂವತ್ತೈದು ನಾಲ್ವತ್ತು ಬಾಟಲಿ ಬೇಕಾಗುತ್ತದೆ. ತುಳಿದು ಚಪ್ಪಟೆ ಮಾಡದಿದ್ದರೆ ಗಾಡಿಯಲ್ಲಿ ಸಾಗುವುದು ಬರೀ ಗಾಳಿ.

ಇನ್ನು ಚಿಪ್ಸ್, ಶಾಂಪೂ, ಬಿಸ್ಕತ್ತಿನ ಹೊಳೆಯುವ ಪೊಟ್ಟಣಗಳು. ಬೆಳಕಿಗೆ ಹಿಡಿದು ನೋಡಿದರೆ ಒಂದೇ ಹಾಳೆಯಂತೆ ಕಾಣುವ ಈ ಪೊಟ್ಟಣದಲ್ಲಿ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ಕಿನ ಪದರಗಳೂ ನಡುವೆ ಅಲ್ಯೂಮಿನಿಯಂ ಲೇಪವೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಗಾಳಿಯೂ ತೇವವೂ ಒಳಗೆ ಹೋಗದಂತೆ ತಡೆಯಲು ಹೀಗೆ ಮಾಡುತ್ತಾರೆ, ಮತ್ತು ಆ ಬೆಸುಗೆಯೇ ಅದರ ಮರುಬಳಕೆಗೆ ಅಡ್ಡಿಯಾಗುತ್ತದೆ. ಪದರಗಳನ್ನು ಬಿಡಿಸುವ ಖರ್ಚು ಸಿಗುವ ವಸ್ತುವಿನ ಬೆಲೆಗಿಂತ ಎಷ್ಟೋ ಹೆಚ್ಚು. ಗುಜರಿಯವರು ಇದನ್ನು ಮುಟ್ಟದಿರುವುದು ಹಟದಿಂದಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಇಂತಹ ವಸ್ತುವನ್ನು ಎತ್ತಿಸುವ ಖರ್ಚನ್ನು ಅದನ್ನು ತಯಾರಿಸಿ ಮಾರಿದ ಕಂಪನಿಯೇ ಹೊರಬೇಕೆಂಬುದು ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ತತ್ವ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳಲ್ಲಿ ಅದಕ್ಕೆ ಜಾಗ ಸಿಕ್ಕಿತು, 2022ರ ಫೆಬ್ರುವರಿಯ ಮಾರ್ಗಸೂಚಿಯಲ್ಲಿ ಕಂಪನಿಗಳು ಎಷ್ಟು ಪಾಲು ಹಿಂಪಡೆಯಬೇಕೆಂಬ ಗುರಿಗಳು ಬಂದವು. ಹೀಗೆ ಎತ್ತಿದ ಪೊಟ್ಟಣಗಳ ಒಂದು ಭಾಗ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆಗೆ ಉರಿಯುತ್ತದೆ. ನಮಗೆ ಹತ್ತಿರದ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳಲ್ಲಿ ಕಾಣುವಂತಹ ಸಿಮೆಂಟ್ ಗೂಡುಗಳ ಒಳಗೆ ಕಲ್ಲು 1,400 ಡಿಗ್ರಿ ಸೆಲ್ಸಿಯಸ್ ದಾಟಿ ಬೇಯುತ್ತದೆ. ಅಷ್ಟು ಶಾಖದಲ್ಲಿ ವಿಷಕಾರಿ ಸಂಯುಕ್ತಗಳು ಒಡೆದುಹೋಗುತ್ತವೆ. ಆದರೆ ಅಲ್ಲಿಗೂ ಒಣಗಿದ ವಸ್ತುವೇ ಹೋಗಬೇಕು. ಒದ್ದೆ ಕಸ ಉರಿಸಿದರೆ ಶಾಖವೆಲ್ಲ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ.

ಇಷ್ಟು ನೋಡಿದ ಮೇಲೆ ಒಂದು ಸಂಗತಿ ತಾನಾಗಿಯೇ ಸ್ಪಷ್ಟವಾಗುತ್ತದೆ. ಕಾಗದ, ಬಾಟಲಿ, ಪಾಕೀಟು, ಡಬ್ಬಿ, ಪೊಟ್ಟಣಗಳೆಲ್ಲ ಒಂದೇ ಚೀಲದಲ್ಲಿ ಬೆರೆತರೂ, ಅವು ಒಣಗಿರುವವರೆಗೆ, ನಾಳೆ ಯಾರಾದರೂ ಕೂತು ಬೇರ್ಪಡಿಸಬಹುದು. ಹಸಿ ಕಸ ಅದರಲ್ಲಿ ಬಿದ್ದ ಕ್ಷಣದಿಂದ ಆ ಅವಕಾಶ ಮುಗಿಯಿತು. ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ ಇದು: ಹಸಿ ಕಸ ಮನೆಯಲ್ಲೋ ಓಣಿಯಲ್ಲೋ ಉಳಿದುಬಿಟ್ಟರೆ, ಗಾಡಿಯಲ್ಲಿ ಏನನ್ನು ಯಾವುದರೊಡನೆ ಬೆರೆಸಿದರೂ ದೊಡ್ಡ ಹಾನಿಯಿಲ್ಲ. ಬೆರೆಯುವುದನ್ನು ತಡೆಯುವ ಅಧಿಕಾರ ನಮ್ಮ ಕೈಯಲ್ಲಿಲ್ಲದಿರಬಹುದು. ಬೆರೆತು ಕೆಡಿಸುವ ವಸ್ತುವನ್ನು ಕೊಡದಿರುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಸ್ನಾನದ ಮನೆಯ ಕಸ, ಅಂದರೆ ಸ್ಯಾನಿಟರಿ ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ, ಎತ್ತುವವರಿಗೆ ಗುರುತು ಸಿಗುವಂತೆ ಬೇರೆಯಾಗಿ ಕೊಡಬೇಕು. ಬಲ್ಬು, ಬ್ಯಾಟರಿ, ಅವಧಿ ಮೀರಿದ ಮಾತ್ರೆ, ಬಣ್ಣದ ಡಬ್ಬಿಗಳನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಕೂಡಿಡಬೇಕು. ಇವುಗಳ ಪ್ರಮಾಣ ಕಡಿಮೆ, ಅಪಾಯ ಹೆಚ್ಚು.

ಹಸಿ ಕಸ ಊರಾಚೆಯ ರಾಶಿಗೆ ಹೋದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ರಾಶಿಯ ಆಳದಲ್ಲಿ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದ ಕಡೆ ಕೊಳೆಯಿಸುವ ಸೂಕ್ಷ್ಮಜೀವಿಗಳೇ ಬೇರೆ; ಅವು ಮೀಥೇನ್ ಅನಿಲ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ ಇದು, ಮತ್ತು ಬೇಗ ಹೊತ್ತಿಕೊಳ್ಳುವಂಥದು. ನಲವತ್ತು ಡಿಗ್ರಿ ದಾಟುವ ಬೇಸಗೆಯಲ್ಲಿ ಒಣಗಿದ ಪ್ಲಾಸ್ಟಿಕ್ಕಿನ ಪದರದ ಕೆಳಗೆ ಮೀಥೇನ್ ತುಂಬಿಕೊಂಡಾಗ ಒಂದು ಕಿಡಿ ಬಿದ್ದರೆ ರಾಶಿ ಒಳಗೊಳಗೇ ದಿನಗಟ್ಟಲೆ ಉರಿಯುತ್ತದೆ. ಮಳೆಗಾಲದಲ್ಲಿ ಅದೇ ರಾಶಿಯಿಂದ ಕಪ್ಪು ರಸ ಇಳಿದು ಬೋರ್‌ವೆಲ್ ನೀರಿನವರೆಗೆ ಹೋಗುತ್ತದೆ.

ಗೊಬ್ಬರದ ಜ್ಞಾನ ನಮಗೆ ಹೊಸದೇನಲ್ಲ. ನಮ್ಮ ಸೀಮೆಯ ಯಾವ ಹಳ್ಳಿಗೆ ಹೋದರೂ ಮನೆಗೊಂದು ತಿಪ್ಪೆ ಇತ್ತು. ಸಗಣಿ, ಬೂದಿ, ದನ ತಿಂದು ಬಿಟ್ಟ ಮೇವು, ಅಂಗಳ ಗುಡಿಸಿದ ಕಸ ಎಲ್ಲವೂ ಅಲ್ಲಿ ಬಿದ್ದು, ಮುಂಗಾರಿಗೆ ಮುಂಚೆ ಚಕ್ಕಡಿಯಲ್ಲಿ ಹೊಲ ಸೇರುತ್ತಿತ್ತು. ಅನ್ನ ಬಸಿದ ಗಂಜಿ, ತರಕಾರಿ ತೊಳೆದ ನೀರು ಮುಸುರೆಯಾಗಿ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ತಿಪ್ಪೆಗೆ ಬೀಳುವುದೆಲ್ಲ ಕೊಳೆಯುವ ವಸ್ತುವೇ ಆಗಿದ್ದ ಕಾಲದಲ್ಲಿ ವಿಂಗಡಣೆ ಎಂಬ ಮಾತೇ ಬೇಕಿರಲಿಲ್ಲ. ಪ್ಲಾಸ್ಟಿಕ್ಕು, ಬ್ಲೇಡು, ಗಾಜಿನ ಚೂರು ಅದರೊಳಗೆ ಸೇರಲು ಆರಂಭವಾದ ಮೇಲೆ ನಗರದ ಗೊಬ್ಬರವೆಂದರೆ ರೈತರು ಹಿಂಜರಿಯುವಂತಾಯಿತು. ಅವರ ಹಿಂಜರಿಕೆ ಸರಿಯಾದದ್ದೇ. ಬರಿಗಾಲಲ್ಲಿ ಕಳೆ ತೆಗೆಯುವ ಹೊಲಕ್ಕೆ ಗಾಜಿನ ಚೂರನ್ನು ಯಾರು ತಂದು ಸುರಿಯುತ್ತಾರೆ? 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ನಗರ ಕಾಂಪೋಸ್ಟಿಗೆ ನಿಗದಿಯಾದ ಮಟ್ಟದ ಪ್ರಕಾರ ಒಂದು ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ ಮೀರುವಂತಿಲ್ಲ. ಬ್ಯಾಟರಿ, ಬಣ್ಣದ ಡಬ್ಬಿಗಳೊಡನೆ ಕೊಳೆತ ಕಸವನ್ನು ಆಮೇಲೆ ಎಷ್ಟು ಜರಡಿ ಹಿಡಿದರೂ ಒಳಗೆ ಕರಗಿಹೋದ ಸೀಸವನ್ನು ಹೊರತೆಗೆಯಲಾಗದು.

ಈಗ ಓಣಿಯಲ್ಲಿ ಗೊಬ್ಬರ ಮಾಡುವ ಬಗೆ. ನಮ್ಮ ಓಣಿಯ ಮೂಲೆಯಲ್ಲಿ, ನಡುನಡುವೆ ಗಾಳಿಗಂಡಿ ಬಿಟ್ಟು ಇಟ್ಟಿಗೆಯಿಂದ ಎರಡು ತೊಟ್ಟಿ ಕಟ್ಟಿದೆವು. ಒಂದು ತುಂಬಿದ ಮೇಲೆ ಅದನ್ನು ಮಾಗಲು ಬಿಟ್ಟು ಇನ್ನೊಂದಕ್ಕೆ ಹಾಕಬೇಕೆಂಬುದು ಎರಡು ಕಟ್ಟಿದ್ದರ ಉದ್ದೇಶ. ಮೊದಲ ತಿಂಗಳಲ್ಲೇ ತೊಟ್ಟಿ ನಾರತೊಡಗಿತು, ಅಕ್ಕಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುವಂತಾಯಿತು. ತಪ್ಪು ನಮ್ಮದೇ. ನಾವು ಹಸಿಯ ಮೇಲೆ ಹಸಿಯನ್ನೇ ಸುರಿಯುತ್ತಿದ್ದೆವು. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಮೈ ಬೆಳೆಯಲು ಸಾರಜನಕವೂ ಶಕ್ತಿಗಾಗಿ ಇಂಗಾಲವೂ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವುಗಳ ಕೆಲಸ ಚುರುಕಾಗಿ ನಡೆಯುತ್ತದೆ. ತರಕಾರಿ ಸಿಪ್ಪೆಯಲ್ಲಿ ಇಂಗಾಲದ ಪಾಲು 15ರಿಂದ 20ರ ಆಸುಪಾಸಿನಲ್ಲಷ್ಟೇ ಇರುತ್ತದೆ. ಹೆಚ್ಚಾದ ಸಾರಜನಕ ಅಮೋನಿಯಾ ವಾಸನೆಯಾಗಿ ಹೊರಬರುತ್ತದೆ, ಹೆಚ್ಚಾದ ನೀರು ಗಾಳಿಯ ಸಂದುಗಳನ್ನು ಮುಚ್ಚಿ ಕೊಳೆನಾತ ಎಬ್ಬಿಸುತ್ತದೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಬುಟ್ಟಿ ಹಸಿ ಕಸಕ್ಕೆ ಒಂದೂವರೆ ಬುಟ್ಟಿ ಒಣ ಎಲೆಯನ್ನು ಪದರ ಪದರವಾಗಿ ಹಾಕುತ್ತ, ಸ್ವಲ್ಪ ಸಗಣಿ ನೀರು ಚಿಮುಕಿಸುತ್ತ ಬಂದಾಗ ನಾಲ್ಕೈದು ದಿನಗಳಲ್ಲಿ ವಾಸನೆ ನಿಂತಿತು.

ಒಣ ಎಲೆ ಎಲ್ಲಿಂದ ಬರಬೇಕು? ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬಳ್ಳಾರಿಯ ಬೇವಿನ ಮರಗಳೆಲ್ಲ ಒಮ್ಮೆಲೇ ಎಲೆ ಉದುರಿಸುತ್ತವೆ. ಆ ಎಲೆಯನ್ನು ಬೆಳಗಿನ ಜಾವ ಗುಡಿಸಿ, ಮೂಲೆಗೆ ಒಟ್ಟಿ, ಬೆಂಕಿ ಹಚ್ಚುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಎಲೆಯ ಜೊತೆ ಸಿಕ್ಕಿದ ಪೊಟ್ಟಣ, ಕವರುಗಳೂ ಉರಿದು ಆ ಹೊಗೆ ಮಕ್ಕಳ ಎದೆ ಸೇರುತ್ತದೆ. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ವಸೂಲಿ ಮಾಡುವಂತೆ ಆದೇಶಿಸಿದೆ. ದಂಡದ ಮಾತು ಹಾಗಿರಲಿ, ಆ ಎಲೆಯನ್ನು ಗೋಣಿಚೀಲಗಳಲ್ಲಿ ತುಳಿದು ತುಂಬಿಟ್ಟರೆ ಓಣಿಯ ತೊಟ್ಟಿಗೆ ವರ್ಷವಿಡೀ ಬೇಕಾಗುವ ಒಣ ಪದಾರ್ಥ ಒಂದೇ ತಿಂಗಳಲ್ಲಿ ಕೂಡಿಬರುತ್ತದೆ. ಸಾಲದೆ ಬಂದರೆ ಶೇಂಗಾ ಹೊಟ್ಟು ಇದೆ. ಭತ್ತದ ಹೊಟ್ಟು ನಮ್ಮ ಕಡೆ ಧಾರಾಳವಾಗಿ ಸಿಗುತ್ತದೆಯಾದರೂ ಅದರಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯದು. ಗಾಳಿಗೆ ಸಂದು ಬಿಡಲು ಮಾತ್ರ ಸ್ವಲ್ಪ ಬೆರೆಸಬಹುದು.

ಎರಡನೆಯ ಸಂಕಟ ಏಪ್ರಿಲ್‌ನಲ್ಲಿ ಬಂತು, ಮತ್ತು ಇದು ಬೆಂಗಳೂರಿನ ಕೈಪಿಡಿಗಳಲ್ಲಿ ಹೆಚ್ಚಾಗಿ ಕಾಣದ ಸಂಕಟ. ತೊಟ್ಟಿಯಿಂದ ವಾಸನೆಯಿರಲಿಲ್ಲ, ನೊಣವಿರಲಿಲ್ಲ, ಎಲ್ಲ ಸರಿಯಾಗಿದೆಯೆಂದು ನಾವು ಸಮಾಧಾನದಲ್ಲಿದ್ದೆವು. ಒಂದು ದಿನ ಸಲಿಕೆಯಿಂದ ಅಗೆದು ನೋಡಿದರೆ ತಿಂಗಳ ಹಿಂದೆ ಹಾಕಿದ ಈರುಳ್ಳಿ ಸಿಪ್ಪೆ ಹಾಕಿದಂತೆಯೇ ಗರಿಗರಿಯಾಗಿ ಹೊರಬಂತು, ಇರುವೆಗಳು ಗೂಡು ಕಟ್ಟಿದ್ದವು. ಇರುವೆ ಬಂತೆಂದರೆ ರಾಶಿ ಒಣಗಿದೆ ಎಂದೇ ಅರ್ಥ. ಕೊಳೆಯುವ ರಾಶಿಯಲ್ಲಿ ಶೇ 50ರಿಂದ 60ರಷ್ಟು ತೇವವಿರಬೇಕು. ಅದು ಶೇ 40ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳ ಕೆಲಸ ತೀರ ನಿಧಾನವಾಗುತ್ತದೆ. ತೇವ ಅಳೆಯಲು ಯಂತ್ರ ಬೇಕಿಲ್ಲ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿಕೊಂಡರೆ ಹದ ಸರಿಯಾಗಿದೆ; ಧಾರೆಯಾಗಿ ಸುರಿದರೆ ಹೆಚ್ಚು, ಏನೂ ಬಾರದೆ ಪುಡಿಯಾದರೆ ಕಡಿಮೆ. ನಾವು ತೊಟ್ಟಿಯ ಮೇಲೆ ತೆಂಗಿನ ಗರಿ ಹೊದಿಸಿ, ಅದರ ಕೆಳಗೆ ಒದ್ದೆ ಗೋಣಿ ಹಾಸಿ, ಬೇಳೆ ತರಕಾರಿ ತೊಳೆದ ನೀರನ್ನು ಮನೆಗೊಂದು ದಿನದಂತೆ ಸರದಿಯಲ್ಲಿ ತಂದು ಹಾಕತೊಡಗಿದೆವು. ವಾರ ಕಳೆಯುವುದರೊಳಗೆ ರಾಶಿ ಮತ್ತೆ ಬಿಸಿಯಾಯಿತು. ಆ ಬಿಸಿ ಹೊರಗಿನ ಬಿಸಿಲಿನದಲ್ಲ, ಒಳಗಿನ ಜೀವಿಗಳ ಉಸಿರಾಟದ್ದು. ಒಳಗಿನ ಶಾಖ 55 ಡಿಗ್ರಿ ಮುಟ್ಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. 70ರತ್ತ ಏರಿದರೆ ಕೆಲಸ ಮಾಡುವ ಜೀವಿಗಳೇ ಸಾಯುವುದರಿಂದ ರಾಶಿಯನ್ನು ಮಗುಚಿ ಗಾಳಿಯಾಡಿಸಬೇಕು.

ಎರೆಹುಳು ಗೊಬ್ಬರವನ್ನು ಹಲವರು ಇಷ್ಟಪಡುತ್ತಾರೆ. ಅದಕ್ಕಾಗಿ ಸಾಮಾನ್ಯವಾಗಿ ಬಳಸುವ ಹುಳುಗಳು 35 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ತಾಳಲಾರವು. ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ದಟ್ಟ ನೆರಳೂ ದಿನಕ್ಕೆರಡು ಸಲ ನೀರೂ ಕೊಡಲು ಸಾಧ್ಯವಿರುವವರು ಮಾತ್ರ ಅದಕ್ಕೆ ಕೈಹಾಕುವುದು ಒಳ್ಳೆಯದು.

ಬಟ್ಟೆಯ ವಿಷಯವನ್ನು ಬಿಟ್ಟರೆ ಬಳ್ಳಾರಿಯ ಮಾತು ಪೂರ್ತಿಯಾಗದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಹಾಸಿ ಸಣ್ಣ ಹೊಲಿಗೆ ಹಾಕಿ ಕೌದಿ ಹೊಲಿಯುವ ಪದ್ಧತಿ ಇಂದಿಗೂ ಉಳಿದಿದೆ. ಹರಿದ ಬಟ್ಟೆಯನ್ನು ಕಸವೆಂದು ಎಸೆಯದೆ ಇನ್ನೂ ಇಪ್ಪತ್ತು ವರ್ಷ ಹೊದೆಯುವಂತೆ ಮಾಡುವ ವಿದ್ಯೆ ಅದು. ಜೀನ್ಸ್ ಹೊಲಿಗೆಯಿಂದ ಹೆಸರಾದ ಈ ಊರಿನಲ್ಲಿ ಕತ್ತರಿಸಿ ಉಳಿದ ಡೆನಿಮ್ ಚೂರುಗಳಿಗೆ ಕೌದಿಯ ಸೂಜಿ ಸುಲಭವಾಗಿ ಇಳಿಯುವುದಿಲ್ಲ. ಶುದ್ಧ ಹತ್ತಿಯ ಡೆನಿಮ್ ಆದರೆ ಹಿಂಜಿ ನಾರು ಬಿಡಿಸಿ ಮತ್ತೆ ನೂಲಬಹುದು, ಹಾಸಿಗೆಗೆ ತುಂಬಬಹುದು. ಈಗಿನ ಹಿಗ್ಗುವ ಜೀನ್ಸ್‌ನಲ್ಲಿ ಸೇರಿಸುವ ಶೇ 1ರಿಂದ 3ರಷ್ಟು ಸ್ಪ್ಯಾಂಡೆಕ್ಸ್ ಎಳೆ ಹಿಂಜುವಾಗ ಹರಿಯದೆ ಉಂಡೆಯಾಗುತ್ತದೆ. ಹೊಲಿಗೆ ಮನೆಗಳು ಎರಡು ಬಗೆಯ ಚೂರನ್ನು ಎರಡು ಚೀಲದಲ್ಲಿ ತುಂಬಿದರೆ ಶುದ್ಧ ಹತ್ತಿಯ ಚೀಲಕ್ಕೆ ಗಿರಾಕಿ ಹುಡುಕುವುದು ಸುಲಭ.

ಹಣದ ಬಗ್ಗೆ ಬಿಚ್ಚಿ ಹೇಳುವುದು ಒಳ್ಳೆಯದು, ಏಕೆಂದರೆ ಹೆಚ್ಚಿನ ಓಣಿಗಳ ಉತ್ಸಾಹ ಇಲ್ಲಿಯೇ ಮುಗಿಯುತ್ತದೆ. ಒಣ ಕಸ ಮಾರಿ ಬರುವ ಹಣ ಐವತ್ತು ಮನೆಗೆ ಹಂಚಿದರೆ ಯಾರಿಗೂ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಇದರಿಂದ ಓಣಿಗೆ ಆದಾಯವಾಗುತ್ತದೆಂದು ಹೇಳಿ ಜನರನ್ನು ಸೇರಿಸಿದರೆ ಮೂರನೆಯ ತಿಂಗಳಿಗೆ ಅವರು ಬಿಟ್ಟುಹೋಗುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಗಾಡಿಯಲ್ಲಿ ಬರುವ ಪೌರಕಾರ್ಮಿಕರು ಬಾಟಲಿ, ರಟ್ಟು, ಪಾಕೀಟುಗಳನ್ನು ಆಯ್ದು ಮಾರಿ ನಾಲ್ಕು ಕಾಸು ನೋಡುತ್ತಾರೆ. ಚಿಂದಿ ಆಯುವವರ ಬದುಕಂತೂ ಅದರಿಂದಲೇ ನಡೆಯುತ್ತದೆ. ಬೆಲೆಬಾಳುವುದನ್ನೆಲ್ಲ ಓಣಿಯ ಸಂಘವೇ ಮಾರಿಕೊಂಡು ಬೆಲೆಯಿಲ್ಲದ್ದನ್ನು ಮಾತ್ರ ಅವರ ಗಾಡಿಗೆ ಹಾಕಿದರೆ ಬಡವರ ಗಂಟಿಗೆ ಕೈಹಾಕಿದಂತಾಗುತ್ತದೆ. ಘನತ್ಯಾಜ್ಯದ 2016ರ ನಿಯಮಗಳು ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿದ್ದವು. ನಮ್ಮಲ್ಲಿ ತೂಗಿ ಕೊಟ್ಟ ಒಣ ಕಸದ ಹಣವೆಲ್ಲ ಎತ್ತಲು ಬರುವವರಿಗೇ ಸಲ್ಲಬೇಕೆಂದು ಮೊದಲೇ ತೀರ್ಮಾನಿಸಿದೆವು. ಒಣಗಿದ, ನಾರದ, ಕೈಗೆ ಬ್ಲೇಡು ತಗಲದ ವಸ್ತು ಅವರಿಗೆ ಸಿಗುತ್ತದೆ, ಆಯುವ ಹೊತ್ತು ಉಳಿಯುತ್ತದೆ.

ಹಸಿಯನ್ನು ಹುಟ್ಟಿದಲ್ಲೇ ನಿಲ್ಲಿಸಬೇಕೆಂಬ ಈ ಕ್ರಮವನ್ನು ಹಳ್ಳಿಗಳು ನಮಗಿಂತ ಸುಲಭವಾಗಿ ಪಾಲಿಸುತ್ತಿವೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಹೆಸರಿನ ಕಸ ವಿಂಗಡಣೆಯ ಘಟಕಗಳಿವೆ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ‘ಸ್ವಚ್ಛ ವಾಹಿನಿ’ ಗಾಡಿಯನ್ನು ತಾವೇ ಓಡಿಸಿಕೊಂಡು ಹೋಗಿ ಮನೆಮನೆಯಿಂದ ಮುಖ್ಯವಾಗಿ ಒಣ ಕಸವನ್ನು ತರುತ್ತಾರೆ. ಹಸಿ ಕಸಕ್ಕೆ ಹಿತ್ತಿಲಿದೆ, ತಿಪ್ಪೆಯಿದೆ, ದನವಿದೆ. ನಗರದಲ್ಲಿ ಹಿತ್ತಿಲು ಇಲ್ಲದವರಿಗೆ ಓಣಿಯ ತೊಟ್ಟಿಯೇ ಹಿತ್ತಿಲಾಗಬೇಕು. ಮದುವೆ, ಗೃಹಪ್ರವೇಶಗಳ ದಿನ ಮಾತ್ರ ಈ ತೊಟ್ಟಿ ಸಾಲದು; ದಿನಕ್ಕೆ ಸರಾಸರಿ 100 ಕಿಲೋ ಮೀರಿ ಕಸ ಹೊರಹಾಕುವ ಕಲ್ಯಾಣ ಮಂಟಪ, ಹೋಟೆಲುಗಳನ್ನು ಘನತ್ಯಾಜ್ಯದ 2016ರ ನಿಯಮಗಳು ‘ಬೃಹತ್ ತ್ಯಾಜ್ಯ ಉತ್ಪಾದಕರು’ ಎಂದು ಕರೆದು ಅವರ ಹಸಿ ಕಸದ ಹೊಣೆಯನ್ನು ಅವರ ಮೇಲೆಯೇ ಹೊರಿಸಿದವು. ಓಣಿಯ ಸಣ್ಣ ಕಾರ್ಯಗಳಿಗೆ ನೂರು ಸ್ಟೀಲ್ ತಟ್ಟೆ, ನೂರು ಲೋಟ ಸಂಘದಲ್ಲಿ ಇಟ್ಟುಕೊಂಡು ಎರವಲು ಕೊಡುವುದು, ಇಲ್ಲವೇ ಮುತ್ತುಗದ ಎಲೆ ಬಳಸುವುದು ಉತ್ತಮ. ಕಾಗದದ ಲೋಟವೆಂದು ಮಾರುವುದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಅದು ರದ್ದಿಗೂ ಸಲ್ಲದು, ಗೊಬ್ಬರಕ್ಕೂ ಸಲ್ಲದು.

ತೊಟ್ಟಿ ತುಂಬಿದ ಮೇಲೆ ಮೇಲ್ಗಡೆ ಎರಡು ಬೆರಳು ಮಣ್ಣು ಹರಡಿ, ಎರಡು ತಿಂಗಳು ತೇವ ಆರದಂತೆ ನೋಡಿಕೊಂಡರೆ ಗೊಬ್ಬರ ಮಾಗುತ್ತದೆ. ಮಾಗಿದೆಯೋ ಇಲ್ಲವೋ ತಿಳಿಯಲು ಒಂದು ಹಿಡಿಯನ್ನು ತೇವ ಮಾಡಿ, ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೂರು ದಿನ ನೆರಳಲ್ಲಿಟ್ಟು ಬಿಚ್ಚಬೇಕು. ಹುಳಿ ವಾಸನೆ ಬಂದರೆ ಇನ್ನೂ ಮಾಗಿಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ ಬಂದರೆ ಸಿದ್ಧವಾಗಿದೆ. ಬಳಿಕ ಅದೇ ಗೊಬ್ಬರವನ್ನು ಮಣ್ಣಿಗೆ ಬೆರೆಸಿ ಒಂದು ಡಬ್ಬಿಯಲ್ಲಿ ಮೆಂತ್ಯ ಬಿತ್ತಿ ನೋಡಬಹುದು. ಮೂರು ನಾಲ್ಕು ದಿನಗಳಲ್ಲಿ ಮೊಳಕೆ ಹಳದಿಯಾಗದೆ ನೆಟ್ಟಗೆ ಎದ್ದರೆ ಗಿಡಗಳಿಗೆ ಹಾಕಲು ಅಡ್ಡಿಯಿಲ್ಲ. ಜರಡಿ ಹಿಡಿದಾಗ ಕೆಳಗೆ ಬಿದ್ದ ಕಪ್ಪು ಪುಡಿ ಮನೆಮನೆಯ ಕುಂಡಗಳಿಗೂ ಓಣಿಯ ಬೇವಿನ ಸಸಿಗಳಿಗೂ ಹೋಗುತ್ತದೆ. ಜರಡಿಯ ಮೇಲೆ ಉಳಿದ ಮಾವಿನ ವಾಟೆ, ಕರಟದ ಚೂರು, ಅರೆಕೊಳೆತ ಕಡ್ಡಿಗಳನ್ನು ಎಸೆಯಬಾರದು. ಅವುಗಳ ಮೈತುಂಬ ಕೆಲಸ ಬಲ್ಲ ಸೂಕ್ಷ್ಮಜೀವಿಗಳು ಅಂಟಿಕೊಂಡಿರುವುದರಿಂದಲೂ, ಗಾಳಿಗೆ ಸಂದು ಬಿಡುವುದರಿಂದಲೂ, ಅವನ್ನು ಹೊಸದಾಗಿ ತುಂಬುವ ತೊಟ್ಟಿಯ ತಳಕ್ಕೆ ಮೊದಲ ಪದರವಾಗಿ ಹಾಸುತ್ತೇವೆ.